ಬಾಲಿಯೊಳಗ ಹೊಟ್ಟಿ ತುಂಬೂದು ಹ್ಯಾಂಗ?

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾಗಿದ್ದು 2024ರ ಮಾರ್ಚ್ ಕೊನೆಗೆ. ಅಲ್ಲಿಂದೀಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವೀಸಾ, ಹೋಟೆಲ್ ಕೇಳುವವರು ಕಡಿಮೆ, ಊಟದ ಚಿಂತೆಯವರೇ ಹೆಚ್ಚು. ನಮ್ಮ ಭಾಗದಿಂದ ಬಂದ ಅಂಥ ಪತ್ರಗಳನ್ನು ಈ ಸಲ ಒಟ್ಟಿಗೆ ಹಿಡಿದಿದ್ದೇವೆ. ಬೆಲೆಗಳೆಲ್ಲ ಅಂದಾಜು, ಇಂಡೊನೇಷ್ಯಾದ ರುಪಿಯಾದಲ್ಲಿ. ಕೊನೆಯ ಮೂರು ಸೊನ್ನೆ ತೆಗೆದು ಐದೂವರೆಯಿಂದ ಗುಣಿಸಿದರೆ ನಮ್ಮ ರೂಪಾಯಿ ಲೆಕ್ಕ ಸಿಗುತ್ತದೆ. 20,000 ರುಪಿಯಾ ಎಂದರೆ 110 ರೂಪಾಯಿ ಆಸುಪಾಸು.

ಪ್ರಶ್ನೆ: ನಾವು ಪಕ್ಕಾ ಶಾಕಾಹಾರಿಗಳು, ತತ್ತಿ ಸೈತ ತಿನ್ನಂಗಿಲ್ಲ. ಬಾಲಿ ಹಿಂದೂಗಳ ದ್ವೀಪ ಅಂತಾರ. ಹಂಗಾದ್ರ ಅಲ್ಲೆ ನಮ್ಮಂಥವರಿಗೆ ಊಟದ ತ್ರಾಸ ಇರಂಗಿಲ್ಲ ಹೌದಲ್ರಿ?
— ಗದಗದ ನಿವೃತ್ತ ದಂಪತಿ

ತ್ರಾಸ ಇದೆ. ಹಿಂದೂ ದ್ವೀಪ ಎನ್ನುವ ಭರವಸೆಯ ಮೇಲೆ ಹೋದವರಿಗೇ ಅದು ಜಾಸ್ತಿ. ಬಾಲಿಯ ಹಿಂದೂಗಳು ಹಂದಿ, ಬಾತುಕೋಳಿ, ಮೀನು ಎಲ್ಲ ತಿನ್ನುತ್ತಾರೆ. ಹಬ್ಬದ ಅಡುಗೆಯ ಮುಖ್ಯ ಪದಾರ್ಥ ‘ಬಾಬಿ ಗುಲಿಂಗ್’, ಅಂದರೆ ಇಡೀ ಹಂದಿಯನ್ನು ಮಸಾಲೆ ತುಂಬಿ ಬೆಂಕಿಯ ಮೇಲೆ ತಿರುಗಿಸಿ ಸುಟ್ಟದ್ದು. ‘ಲಾವಾರ್’ ಎಂಬ ಪಲ್ಯ ನೋಡಲು ತೊಂಡೆಕಾಯಿ ಪಲ್ಯದ ಹಾಗೆ ಹಸಿರು ಬೀನ್ಸು, ಕೊಬ್ಬರಿ ತುರಿ ಹಾಕಿದ್ದಾಗಿರುತ್ತದೆ. ಅದರಲ್ಲಿ ಕೊಚ್ಚಿದ ಮಾಂಸ ಇರುತ್ತದೆ, ಕೆಂಪು ಬಣ್ಣದ್ದಾದರೆ ರಕ್ತವೂ ಸೇರಿರುತ್ತದೆ. ತಟ್ಟೆಯಲ್ಲಿ ತರಕಾರಿ ಕಂಡಿತೆಂದು ಕೈ ಹಾಕಬೇಡಿ.

ಕಣ್ಣಿಗೆ ಕಾಣುವ ಮಾಂಸವನ್ನು ಹೇಗೋ ತಪ್ಪಿಸಬಹುದು. ಕಾಣದ್ದೇ ನಿಜವಾದ ತೊಡಕು, ಅದರ ಹೆಸರು ‘ತೆರಾಸಿ’. ಸಣ್ಣ ಸೀಗಡಿಯನ್ನು ಉಪ್ಪು ಹಾಕಿ ಹುಳಿಸಿ ಕಟ್ಟಿದ ಕಂದು ಮುದ್ದೆ ಅದು. ನಮ್ಮಲ್ಲಿ ಒಗ್ಗರಣೆಗೆ ಇಂಗು ಹಾಕಿದ ಹಾಗೆ ಅಲ್ಲಿ ಚಟ್ನಿಗೆ, ಪಲ್ಯಕ್ಕೆ, ಹುರಿದ ಅನ್ನಕ್ಕೆ ಚಿಟಿಕೆ ತೆರಾಸಿ ಬೀಳುತ್ತದೆ. ಹಾಕುವವರಿಗೆ ಅದು ಮೀನು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ, ಬರಿಯ ಮಸಾಲೆ. ಹಾಗಾಗಿ ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಕೋಳಿ ತೆಗೆದು ತೆರಾಸಿ ಬಿಟ್ಟು ಕೊಡುತ್ತಾರೆ. ಅವರು ಮೋಸ ಮಾಡಿದ್ದಲ್ಲ, ನಾವು ಕೇಳಿದ್ದೇ ಅರ್ಧ. ಇದೇ ಸಾಲಿನಲ್ಲಿ ಇನ್ನೂ ಮೂರು ಇವೆ. ‘ಸಾವುಸ್ ತಿರಾಮ್’ ಅಂದರೆ ಸಿಂಪಿಯ ಸಾಸ್, ‘ಚಾಪ್ ಚಾಯ್’ ಎಂಬ ತರಕಾರಿ ಪಲ್ಯಕ್ಕೆ ಬೀಳುವುದು. ‘ಕೆಚಾಪ್ ಇಕಾನ್’ ಮೀನಿನ ಸಾಸ್. ‘ಕಾಲ್ದು ಅಯಾಮ್’ ಕೋಳಿಯ ಸಾರಿನ ಪುಡಿ, ಸೂಪಿಗೂ ಪಲ್ಯಕ್ಕೂ ಹಾಕುತ್ತಾರೆ. ಬರಿ ‘ಕೆಚಾಪ್ ಮಾನಿಸ್’ ಎಂದರೆ ಸಿಹಿ ಸೋಯಾ ಸಾಸ್, ಅದಕ್ಕೆ ಹೆದರಬೇಕಿಲ್ಲ. ತಟ್ಟೆಯ ಅಂಚಿಗೆ ಇಡುವ ಹಪ್ಪಳ ಬಹುಮಟ್ಟಿಗೆ ಸೀಗಡಿಯದು, ಅದನ್ನು ಮೊದಲೇ ಬೇಡವೆನ್ನಿ.

ಒಂದು ಚೀಟಿಯಲ್ಲಿ ಈ ಮಾತು ಬರೆದುಕೊಂಡು ಹೋಗಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೂ (ಇಂಡೊನೇಷ್ಯಾದ ಭಾಷೆ ಬರೆಯುವುದು ಅದೇ ಲಿಪಿಯಲ್ಲಿ) ಬರೆದಿಟ್ಟುಕೊಳ್ಳಿ: ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಅಯಾಮ್, ಇಕಾನ್, ಉದಾಂಗ್, ತೆಲೂರ್, ತೆರಾಸಿ.’ ಮಾಂಸ, ಕೋಳಿ, ಮೀನು, ಸೀಗಡಿ, ತತ್ತಿ, ತೆರಾಸಿ ತಿನ್ನುವುದಿಲ್ಲ ಎಂದು ಅರ್ಥ. ‘ದಾಗಿಂಗ್’ ಒಂದನ್ನೇ ಹೇಳಿ ಸುಮ್ಮನಾಗಬೇಡಿ. ಆ ಶಬ್ದಕ್ಕೆ ಬಹಳ ಜನ ದನ, ಹಂದಿಯ ಮಾಂಸ ಎಂದೇ ತಿಳಿಯುತ್ತಾರೆ, ಕೋಳಿಯನ್ನು ಬೇರೆಯಾಗಿಯೇ ಹೆಸರಿಸಬೇಕು. ಒಂದು ವಸ್ತು ಬಿಡಿಸಬೇಕಾದರೆ ಅದರ ಮುಂದೆ ‘ತಾನ್ಪಾ’ ಸೇರಿಸಿ. ‘ತಾನ್ಪಾ ತೆರಾಸಿ’ ಎಂದರೆ ತೆರಾಸಿ ಇಲ್ಲದೆ.

ಇನ್ನು ಹೀಗೆ ಕೇಳಿದರೆ ಕೆಲಸ ಆಗುವ ಜಾಗ ಯಾವುದು? ಅಲ್ಲಿಯ ಸಣ್ಣ ಊಟದ ಅಂಗಡಿಗೆ ‘ವಾರುಂಗ್’ ಎನ್ನುತ್ತಾರೆ. ಮನೆಯವರೇ ನಡೆಸುವ ನಮ್ಮ ಖಾನಾವಳಿಗೆ ಹತ್ತಿರದ್ದು, ಆದರೆ ರೊಟ್ಟಿ, ಪಲ್ಯೆ ಮತ್ತೆ ಮತ್ತೆ ಬಡಿಸುವ ಪದ್ಧತಿ ಇಲ್ಲ, ಒಂದೊಂದಕ್ಕೂ ದುಡ್ಡು. ವಾರುಂಗಿನಲ್ಲಿ ಎರಡು ಬಗೆ. ಬೆಳಿಗ್ಗೆಯೇ ಹತ್ತಿಪ್ಪತ್ತು ಪದಾರ್ಥ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು, ಅನ್ನದ ಸುತ್ತ ನಾವು ತೋರಿಸಿದ್ದನ್ನು ಬಡಿಸುವುದು ‘ನಾಸಿ ಚಂಪುರ್’. ಇಲ್ಲಿ ಮಸಾಲೆ ಆಗಲೇ ಬಿದ್ದಾಗಿದೆ, ಏನು ಕೇಳಿದರೂ ತೆಗೆಯಲು ಬರುವುದಿಲ್ಲ. ನಿಮಗೆ ಬೇಕಾದದ್ದು ಎರಡನೆಯ ಬಗೆ, ನಿಮ್ಮ ಎದುರಿಗೇ ಅರೆದು ಕೊಡುವುದು. ಅದರಲ್ಲಿ ನಮ್ಮ ನಾಲಿಗೆಗೆ ಅತಿ ಹತ್ತಿರದ್ದು ‘ತಿಪಾತ್ ಚಾಂತೋಕ್’.

ಇದನ್ನು ಮಾಡುವುದನ್ನು ನಿಂತು ನೋಡಿ. ಅಗಲವಾದ, ತಳ ಆಳವಿಲ್ಲದ ಕಲ್ಲಿನ ಮೇಲೆ ಒಂದು ಹಿಡಿ ಕರಿದ ಶೇಂಗಾ, ಒಂದೆರಡು ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು, ತಾಳೆಬೆಲ್ಲದ ಚೂರು ಇಟ್ಟು ಗುಂಡನ್ನು ಹಿಂದೆ ಮುಂದೆ ಹೊರಳಿಸುತ್ತಾ ಅರೆಯುತ್ತಾರೆ. ತೆರಾಸಿ ಹಾಕುವವರಾದರೆ ಹಾಕುವುದು ಈ ಹೊತ್ತಿಗೇ, ಅದಕ್ಕೆ ಶೇಂಗಾ ಕಲ್ಲಿಗೆ ಬೀಳುವ ಮುಂಚೆ ‘ತಾನ್ಪಾ ತೆರಾಸಿ’ ಎನ್ನಬೇಕು. ಅರೆದದ್ದಕ್ಕೆ ನೀರು ಚಿಮುಕಿಸಿ, ಸಣ್ಣ ನಿಂಬೆಹಣ್ಣು ಹಿಂಡಿದರೆ ಗಟ್ಟಿ ಶೇಂಗಾ ಚಟ್ನಿ. ತೆಂಗಿನ ಗರಿಯ ಬುಟ್ಟಿಯೊಳಗೆ ಬೇಯಿಸಿದ ಅನ್ನದ ಗಟ್ಟಿಯನ್ನು ಅದೇ ಕಲ್ಲಿಗೆ ಹೆಚ್ಚಿ ಹಾಕಿ, ಬೇಯಿಸಿದ ಸೊಪ್ಪು, ಮೊಳಕೆಕಾಳು, ಕರಿದ ತೋಫು (ಸೋಯಾ ಪನೀರ್) ಸೇರಿಸಿ ಕಲಸಿ ಎಲೆಯ ಮೇಲೆ ಕೊಡುತ್ತಾರೆ. 10,000ದಿಂದ 20,000 ರುಪಿಯಾ. ಗಿರಮಿಟ್ ಮೆಚ್ಚುವವರಿಗೆ ಇದು ಹಿಡಿಸದೇ ಇರಲಿಕ್ಕಿಲ್ಲ. ಎರಡು ಎಚ್ಚರಿಕೆ. ಪಕ್ಕದಲ್ಲಿ ಬೋಗುಣಿಯಲ್ಲಿ ಚಟ್ನಿ ಅರೆದಿಟ್ಟುಕೊಂಡಿದ್ದರೆ ಆ ಅಂಗಡಿ ಬಿಟ್ಟು ಮುಂದೆ ಹೋಗಿ. ಎದುರಿಗೇ ಅರೆದರೂ ಹಿಂದಿನ ಗಿರಾಕಿಗೆ ತೆರಾಸಿ ಅರೆದ ಅದೇ ಕಲ್ಲನ್ನು ತೊಳೆದಿರುವುದಿಲ್ಲ. ಅಷ್ಟೂ ನಡೆಯದು ಎನ್ನುವವರು ಕಲ್ಲು ತೊಳೆಸಿ, ಇಲ್ಲವೇ ಈ ಅಂಗಡಿಗಳನ್ನು ಬಿಟ್ಟುಬಿಡಿ.

‘ತೆಂಪೆ’ ಬಗ್ಗೆಯೂ ಒಂದು ಮಾತು. ಬೇಯಿಸಿದ ಸೋಯಾ ಕಾಳಿಗೆ ಒಂದು ಬಗೆಯ ಬೂಷ್ಟು ಕಟ್ಟಿಸಿ ಇಟ್ಟಿಗೆಯ ಹಾಗೆ ಹಿಡಿಸಿದ್ದು. ಕೇಳಿದರೆ ಹೇಸಿಗೆ ಎನ್ನಿಸಬಹುದು, ಆದರೆ ಕರಿದಾಗ ಹುರಿಗಡಲೆಯಂಥ ರುಚಿ, ಹೊಟ್ಟೆಯೂ ನಿಲ್ಲುತ್ತದೆ. ಅನ್ನ, ಕರಿದ ತೆಂಪೆ, ಬೇಯಿಸಿದ ಸೊಪ್ಪು ಎಲ್ಲ ಊರಲ್ಲೂ ಸಿಗುತ್ತವೆ.

ಮತ್ತೆ ಸಿಹಿ. ಇದರಲ್ಲಿ ನಿಮಗೆ ಭಯವಿಲ್ಲ. ಬೆಳಗಿನ ಸಂತೆಯಲ್ಲಿ ‘ಲಾಕ್‌ಲಾಕ್’ ಕೇಳಿ. ಮಣ್ಣಿನ ಗುಳಿಹಂಚಿನಲ್ಲಿ ಅಕ್ಕಿಹಿಟ್ಟು ಹೊಯ್ದು ಬೇಯಿಸಿದ, ಥೇಟ್ ನಮ್ಮ ಪಡ್ಡಿನ ತಂಗಿ. ಮೇಲೆ ಕೊಬ್ಬರಿ ತುರಿ, ತಾಳೆಬೆಲ್ಲದ ಪಾಕ. ಬೆಲ್ಲ ತುಂಬಿದ ಅಕ್ಕಿ ಉಂಡೆ ‘ಕ್ಲೆಪೊನ್’, ಕಪ್ಪಕ್ಕಿಯ ಪಾಯಸ ‘ಬುಬುರ್ ಇಂಜಿನ್’ ಕೂಡ ಸಿಗುತ್ತವೆ. ಹಸಿರು ಸುರುಳಿ ‘ದಾದರ್ ಗುಲುಂಗ್’ ಹಿಟ್ಟಿಗೆ ಮಾತ್ರ ತತ್ತಿ ಹಾಕಿರುತ್ತಾರೆ, ಕೇಳಿ ತಗೊಳ್ಳಿ. ಹಣ್ಣಿನ ಹೋಳುಗಳಿಗೆ ಖಾರ ಹಾಕಿದ ‘ರುಜಾಕ್’ ಕಂಡರೆ ತಡೆಯಿರಿ. ‘ಕುವಾಹ್ ಪಿಂದಾಂಗ್’ ಎಂದು ಬರೆದಿದ್ದರೆ ಆ ಹಣ್ಣು ನೆನೆದಿರುವುದು ಮೀನಿನ ಸಾರಿನಲ್ಲಿ.

ಪ್ರಶ್ನೆ: ಐದು ದಿನದ ಟ್ರಿಪ್. ಊಟಕ್ಕ ಅನುಕೂಲ ಆಗೂ ಹಂಗ ಯಾವ ಊರಾಗ ರೂಮ್ ಮಾಡಬೇಕು? ಇಂಡಿಯನ್ ಹೋಟೆಲ್ ಹತ್ರ ಇದ್ರ ಚೊಲೊ.
— ಹುಬ್ಬಳ್ಳಿ ವಿದ್ಯಾನಗರದ ಓದುಗರು

ಭಾರತೀಯ ಹೋಟೆಲುಗಳು ಒತ್ತಾಗಿರುವುದು ದಕ್ಷಿಣದಲ್ಲಿ, ಕೂತಾ, ಲೆಗಿಯಾನ್, ಸೆಮಿನ್ಯಾಕ್ ಪಟ್ಟಿ ಮತ್ತು ನುಸಾ ದುವಾ ಕಡೆ. ಮೆನು ಮುಕ್ಕಾಲು ಪಾಲು ಪಂಜಾಬಿ, ದಾಲ್, ಪನೀರ್, ನಾನ್. ನಾನ್ ಮೈದಾ, ಐದು ದಿನ ತಿಂದರೆ ಹೊಟ್ಟೆ ಕಟ್ಟುತ್ತದೆ, ಅದಕ್ಕೇ ತಂದೂರಿ ರೊಟ್ಟಿ ಕೇಳಿ. ಒಬ್ಬರ ಊಟಕ್ಕೆ 80,000ದಿಂದ 1,50,000 ರುಪಿಯಾ ಹಿಡಿಯಿರಿ. ವಾರುಂಗಿನಲ್ಲಿ ಒಂದು ತಟ್ಟೆ ನಾಸಿ ಚಂಪುರ್ 20,000–35,000ಕ್ಕೆ ಆಗುತ್ತದೆ.

ಉಬುದ್ ಊರು ಶಾಕಾಹಾರಿಗಳಿಗೆ ಪ್ರಸಿದ್ಧ. ಅಲ್ಲಿಯ ಆಲ್ಕೆಮಿ, ಮೋಕ್ಷಾದಂಥ ಹೋಟೆಲುಗಳಲ್ಲಿ ಮಾಂಸದ ಸುಳಿವೇ ಇಲ್ಲ. ಆದರೆ ಅವು ಪಾಶ್ಚಾತ್ಯ ಪ್ರವಾಸಿಗರ ರುಚಿಗೆ ಕಟ್ಟಿದವು. ಬಟ್ಟಲು ತುಂಬ ಹಸಿ ತರಕಾರಿ, ಬೀಜ, ಹಣ್ಣಿನ ರಸ. ಹರೆಯದವರು ಖುಷಿಪಡುತ್ತಾರೆ. ಮನೆಯ ಹಿರಿಯರು ಬಿಲ್ಲು ಕೊಟ್ಟು ಹೊರಗೆ ಬಂದ ಮೇಲೆ ‘ಊಟ ಯಾವಾಗ?’ ಎಂದು ಕೇಳುವ ಸಾಧ್ಯತೆಯೇ ಹೆಚ್ಚು. ಅವರು ಜೊತೆಗಿದ್ದರೆ ಉಬುದಿನಲ್ಲಿ ಎರಡು ರಾತ್ರಿ, ಉಳಿದದ್ದು ದಕ್ಷಿಣದಲ್ಲಿ.

ನಾವು ಒಂದೇ ಊರು ಆರಿಸಬೇಕೆಂದರೆ ಸಾನೂರ್ ಎನ್ನುತ್ತೇವೆ. ಸಮುದ್ರ ದಂಡೆಗುಂಟ ನಡೆಯುವ ದಾರಿಯಿದೆ, ಗದ್ದಲ ಕಡಿಮೆ, ಸಂಜೆ ಸಿಂಧು ಮಾರುಕಟ್ಟೆಯಲ್ಲಿ ತಳ್ಳುಗಾಡಿಗಳು ಸಾಲಾಗಿ ನಿಲ್ಲುತ್ತವೆ, ನುಸಾ ಪೆನಿದಾ ದ್ವೀಪದ ದೋಣಿಯೂ ಇಲ್ಲಿಂದಲೇ. ಪೆನಿದಾಕ್ಕೆ ಹೋಗುವ ದಿನ ಮಾತ್ರ ಬುತ್ತಿ ಕಟ್ಟಿಕೊಂಡೇ ಹೋಗಿ. ನೋಡುವ ಜಾಗಗಳ ಸುತ್ತ ಇರುವ ಅಂಗಡಿಗಳಲ್ಲಿ ಹುರಿದ ಅನ್ನ, ನೂಡಲ್ಸ್ ಬಿಟ್ಟರೆ ಹೆಚ್ಚೇನಿಲ್ಲ, ಶಾಕಾಹಾರಿಗಳಿಗೆ ಎಳನೀರೇ ಗತಿ.

ಗೋಜೆಕ್, ಗ್ರ್ಯಾಬ್ ಆ್ಯಪ್ ಹಾಕಿಕೊಂಡರೆ ಊಟ ರೂಮಿಗೇ ಬರುತ್ತದೆ. ಟಿಪ್ಪಣಿಯ ಜಾಗದಲ್ಲಿ ಮೇಲಿನ ಚೀಟಿಯ ವಾಕ್ಯ ಅಂಟಿಸಿಬಿಡಿ.

ಪ್ರಶ್ನೆ: ಮೆನುದಾಗ 65 ಅಂತ ಬರದಿರತಾರ, ಬಿಲ್ಲಿನಾಗ 78,650 ಬರತದ ಅಂತ ಹೋಗಿ ಬಂದವರು ಹೇಳಿದ್ರು. ಇದು ಹ್ಯಾಂಗ್ರಿ?
— ರಾಣೇಬೆನ್ನೂರಿನ ವ್ಯಾಪಾರಸ್ಥರು

ವ್ಯಾಪಾರಸ್ಥರೇ ಕೇಳಿದ್ದರಿಂದ ಲೆಕ್ಕವನ್ನೇ ಬಿಡಿಸುತ್ತೇವೆ. ಮೆನುವಿನಲ್ಲಿ 65 ಎಂದರೆ 65 ಸಾವಿರ, ಸೊನ್ನೆ ಬರೆದು ಬೇಸತ್ತು ಬಿಟ್ಟಿರುತ್ತಾರೆ. ಪುಟದ ಕೆಳಗೆ ಸಣ್ಣದಾಗಿ ಎರಡು ಕೂಡಿಸು ಚಿಹ್ನೆ ಇದ್ದರೆ ಸೇವಾ ಶುಲ್ಕ, ತೆರಿಗೆ ಬೇರೆ ಎಂದರ್ಥ. 65,000ಕ್ಕೆ 10% ಸೇವಾ ಶುಲ್ಕ ಸೇರಿದರೆ 71,500. ಆ ಮೊತ್ತದ ಮೇಲೆ 10% ತೆರಿಗೆ ಬಿದ್ದರೆ 78,650. ಒಟ್ಟು ಏರಿಕೆ 21%. ಸೇವಾ ಶುಲ್ಕ ಹೋಟೆಲಿನಿಂದ ಹೋಟೆಲಿಗೆ ಬೇರೆ, ಕೆಲವರು 5% ಹಾಕುತ್ತಾರೆ. ಸಣ್ಣ ವಾರುಂಗಿನಲ್ಲಿ ಇವು ಯಾವೂ ಇರುವುದಿಲ್ಲ, ಬರೆದಷ್ಟೇ ಬೆಲೆ. ಸೇವಾ ಶುಲ್ಕ ಕೊಟ್ಟ ಮೇಲೆ ಟಿಪ್ಸ್ ಕೊಡಲೇಬೇಕೆಂದಿಲ್ಲ.

ಕಿಂತಾಮಣಿ ಬೆಟ್ಟದ ಕಡೆ ಹೋಗುವಾಗ ಚಾಲಕ ನಿಮ್ಮನ್ನು ಕೆರೆ ಕಾಣುವ ಬಫೆಗೆ ಇಳಿಸುತ್ತಾನೆ. ನೋಟ ಚಂದ, ತಟ್ಟೆಯಲ್ಲಿ ಬಾಳೆಹಣ್ಣಿನ ಬಜಿ ಬಿಟ್ಟರೆ ಹೇಳುವಂಥದ್ದೇನಿಲ್ಲ, ಬೆಲೆಯಲ್ಲಿ ಚಾಲಕನ ಕಮಿಷನ್ ಸೇರಿರುವುದೂ ಉಂಟು. ಬೇಡವೆಂದರೆ ಹೊರಡುವ ಮುಂಚೆಯೇ ಹೇಳಿ. ಬಾಗಿಲಲ್ಲಿ ನಿಂತು ಹೇಳಿದರೆ ಇಬ್ಬರಿಗೂ ಮುಜುಗರ.

ಪ್ರಶ್ನೆ: ನಮಗ ಮೀನಾ ಅಂದ್ರ ಪಂಚಪ್ರಾಣ. ಜಿಂಬಾರಾನ್ ದಂಡಿ ಮ್ಯಾಗ ಊಟ ಮಾಡಬೇಕಂತ ಐತಿ. ಹೊಸದಾಗಿ ಮದುವಿ ಆದವರು, ರೊಕ್ಕ ಭಾಳ ಹಾಳಾಗಬಾರದು.
— ಧಾರವಾಡದ ಓದುಗರು

ಕಾರವಾರದಿಂದ ಬರುವ ಮೀನು ತಿಂದು ಬೆಳೆದವರಿಗೆ ಜಿಂಬಾರಾನಿನ ಮೀನು ನಿರಾಸೆ ಮಾಡುವುದಿಲ್ಲ. ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಮಸಾಲೆ ಸವರುತ್ತಾ ಸುಡುತ್ತಾರೆ, ಮರಳಿನ ಮೇಲೆ ಮೇಜು, ಎದುರಿಗೆ ಸೂರ್ಯಾಸ್ತ. ರೊಕ್ಕ ಹಾಳಾಗುವುದು ತಕ್ಕಡಿಯ ಹತ್ತಿರ.

ಇಂಡೊನೇಷ್ಯಾದಲ್ಲಿ ‘ಒನ್ಸ್’ ಎಂದರೆ 100 ಗ್ರಾಂ. ಬೋರ್ಡಿನ ಮೇಲಿನ ಬೆಲೆ ಕಿಲೋಕ್ಕೋ ಒನ್ಸ್‌ಗೋ ನೋಡದೆ ಒಂದೂವರೆ ಕಿಲೋ ಸೀಗಡಿ ಹೇಳಿದರೆ ಬಿಲ್ಲು ಹತ್ತು ಪಟ್ಟು. ಮೊದಲು ‘ಪೆರ್ ಕಿಲೋ?’ ಎಂದು ಕೇಳಿ, ಕಾಗದದ ಮೇಲೆ ಬರೆಸಿ. ಆಮೇಲೆ ಬುಟ್ಟಿಯ ನೀರು ಸೋರಿಸಿ, ಖಾಲಿ ಬುಟ್ಟಿಯ ತೂಕ ಕಳೆಸಿ, ನಿಮ್ಮ ಎದುರಿಗೆ ತೂಗಿಸಿ. ಆರಿಸಿದ ಮೀನಿನ ಒಂದು ಫೋಟೋ ತೆಗೆದುಕೊಂಡರೆ ಒಳಗೆ ಹೋದ ಮೀನೇ ಹೊರಗೆ ಬಂದಿತೇ ಎಂಬ ಅನುಮಾನ ಉಳಿಯದು. ಅನ್ನ, ಸೊಪ್ಪಿನ ಪಲ್ಯ, ಚಟ್ನಿ ಆ ಬೆಲೆಯಲ್ಲೇ ಬರುತ್ತವೆಯೋ ಬೇರೆಯೋ, ತೆರಿಗೆ ಸೇರಿದೆಯೋ ಇದನ್ನೂ ಕುಳಿತುಕೊಳ್ಳುವ ಮುಂಚೆ ಕೇಳಬೇಕು. ಸೂರ್ಯ ಮುಳುಗುವುದು ವರ್ಷವಿಡೀ ಹೆಚ್ಚುಕಡಿಮೆ 6ರಿಂದ 6.45ರ ಒಳಗೆ. 5 ಗಂಟೆಗೆ ಹೋದರೆ ಮುಂದಿನ ಸಾಲಿನ ಮೇಜು ಸಿಗುತ್ತದೆ.

ಇದಕ್ಕಿಂತ ಅಗ್ಗದ ದಾರಿ ಪಕ್ಕದಲ್ಲೇ ಇರುವ ಕೆಡೊಂಗಾನಾನ್ ಮೀನು ಮಾರುಕಟ್ಟೆ. ನೀವೇ ಮೀನು ಕೊಂಡು ಬದಿಯ ಅಂಗಡಿಗೆ ಕೊಟ್ಟರೆ ಕಿಲೋಕ್ಕೆ ಇಷ್ಟೆಂದು ಕೂಲಿ ತೆಗೆದುಕೊಂಡು ಸುಟ್ಟು ಕೊಡುತ್ತಾರೆ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಿರಬೇಕು, ಒತ್ತಿದ ಕಡೆ ತಗ್ಗು ಉಳಿಯಬಾರದು ಎಂಬುದು ನಿಮಗೆ ಗೊತ್ತೇ ಇದೆ. ‘ಕಾಕಾಪ್ ಮೇರಾಹ್’, ‘ಕೆರಾಪು’ ಸುಡಲು ಒಳ್ಳೆಯವು. ‘ಚುಮಿ’ ಎಂದರೆ ಬೊಂಡಾಸ, ಹೆಚ್ಚು ಹೊತ್ತು ಸುಟ್ಟರೆ ರಬ್ಬರು.

ಸಾನೂರಿನಲ್ಲಿ ಮಾಕ್ ಬೆಂಗ್ ಎಂಬ ವಾರುಂಗ್ 1941ರಿಂದ ನಡೆಯುತ್ತಿದೆ. ಆರಿಸುವ ಗೊಡವೆಯೇ ಇಲ್ಲ. ಕರಿದ ಮೀನು, ಮೀನಿನ ತಲೆಯ ಹುಳಿಖಾರದ ಸಾರು, ಅನ್ನ, ಚಟ್ನಿ, ಅಷ್ಟೇ. ಮಧ್ಯಾಹ್ನ 12ಕ್ಕೆ ಸರದಿ ಶುರು, 11ಕ್ಕೇ ಹೋಗಿ. ನಾಸಿ ಚಂಪುರ್ ಅಂಗಡಿಗಳಿಗೂ ಹೊತ್ತಿನ ಲೆಕ್ಕ ಇದೇ. ಬೆಳಿಗ್ಗೆ ಮಾಡಿದ್ದನ್ನು ಬಿಸಿ ಮಾಡದೆ ಗಾಜಿನೊಳಗೆ ಇಟ್ಟಿರುತ್ತಾರೆ. ಹನ್ನೊಂದಕ್ಕೆ ರುಚಿಯಾಗಿದ್ದದ್ದು ಆ ಸೆಕೆಯಲ್ಲಿ ಮೂರು ಗಂಟೆಗೆ ಹೊಟ್ಟೆ ಕೆಡಿಸುತ್ತದೆ.

ಪ್ರಶ್ನೆ: ಹಲಾಲ್ ಊಟ ಗುರುತು ಹಿಡಿಯೋದು ಹೇಗೆ? ಅಲ್ಲಿ ಹಂದಿ ಜಾಸ್ತಿ ಅಂತ ಕೇಳಿದ್ದೀವಿ.
— ಹಳೇ ಹುಬ್ಬಳ್ಳಿಯ ಓದುಗರು

ನಿಮಗೆ ಸುಲಭ. ಜಾವಾ, ಸುಮಾತ್ರಾ ಕಡೆಯಿಂದ ಬಂದ ಮುಸ್ಲಿಮರ ಅಂಗಡಿಗಳು ಊರೂರಿಗೆ ಇವೆ. ‘ವಾರುಂಗ್ ಮುಸ್ಲಿಂ’, ‘ರುಮಾಹ್ ಮಾಕಾನ್ ಪಾದಾಂಗ್’ ಎಂಬ ಬೋರ್ಡು ನೋಡಿ. ರಾತ್ರಿ ರಸ್ತೆ ಬದಿಯ ಡೇರೆಗಳಲ್ಲಿ ‘ಲಾಲಾಪಾನ್’ ಸಿಗುತ್ತದೆ, ಕರಿದ ಕೋಳಿ ಅಥವಾ ಮೀನಿಗೆ ಹಸಿ ಸೌತೆಕಾಯಿ, ಖಾರದ ಚಟ್ನಿ. 2022ರಿಂದ ಬಂದ ಸರಕಾರಿ ಹಲಾಲ್ ಗುರುತು ನೇರಳೆ ಬಣ್ಣದ್ದು, ಮೇಲಕ್ಕೆ ಮೊನೆಯಾದ ಬೆಟ್ಟದಂಥ ಆಕಾರ. ‘ಬಾಬಿ’ (ಹಂದಿ) ಶಬ್ದ ಕಂಡಲ್ಲಿ ಹೋಗಬೇಡಿ. ‘ಸಾತೆ ಲಿಲಿತ್’ ಎಂಬ ಕಡ್ಡಿಗೆ ಸುತ್ತಿದ ಕಬಾಬ್ ಮೀನಿನದು, ಕೋಳಿಯದು, ಹಂದಿಯದು ಮೂರೂ ಇರುವುದರಿಂದ ಕೇಳದೆ ತಿನ್ನಬಾರದು.

ಪಾದಾಂಗ್ ಹೋಟೆಲಿನ ಪದ್ಧತಿ ತಿಳಿಯದೆ ಗಾಬರಿಯಾಗುವವರಿದ್ದಾರೆ. ಕೂತ ತಕ್ಷಣ ಮಾಣಿ ತೋಳಿನ ಮೇಲೆ ಹತ್ತು ಹನ್ನೆರಡು ಬಟ್ಟಲು ಪೇರಿಸಿಕೊಂಡು ಬಂದು, ಏನೂ ಕೇಳದೆ ಮೇಜಿನ ತುಂಬ ಇಟ್ಟು ಹೋಗುತ್ತಾನೆ. ಮುಟ್ಟಿದ್ದಕ್ಕಷ್ಟೇ ದುಡ್ಡು. ಎರಡು ತುಂಡಿನ ಬಟ್ಟಲಿನಲ್ಲಿ ಒಂದು ತಿಂದರೆ ಒಂದರ ಲೆಕ್ಕ. ‘ರೆಂದಾಂಗ್’ ಸಾಮಾನ್ಯವಾಗಿ ದನದ ಮಾಂಸದ್ದು.

ಪ್ರಶ್ನೆ: ನಮ್ಮ ಬ್ಯಾಡಗಿ ಕಡೆಯವರಿಗೆ ಅಲ್ಲಿಯ ಖಾರ ಸಾಕಾಗತದೇನು?
— ಹಾವೇರಿ ಜಿಲ್ಲೆಯ ಓದುಗರು

ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ನಿಮಗೆ ನಾವು ಹೇಳಬೇಕಿಲ್ಲ. ಬಾಲಿಯ ‘ಚಾಬೆ ರಾವಿತ್’ ಲವಂಗಿ ಮೆಣಸಿನಕಾಯಿಯ ಜಾತಿಯದು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಣ್ಣಲ್ಲಿ ನೀರು ತರಿಸುತ್ತದೆ. ಸಂಜೆ ಬಜಿ ಗಾಡಿಯಲ್ಲಿ ಕರಿದ ತೋಫು, ತೆಂಪೆ ಜೊತೆ ಇದನ್ನು ಹಸಿಯಾಗಿಯೇ ಕೊಡುತ್ತಾರೆ. ಒಂದು ಕಚ್ಚು ಬಜಿ, ಒಂದು ಕಚ್ಚು ಮೆಣಸಿನಕಾಯಿ. ‘ಸಾಂಬಾಲ್ ಮಾತಾಹ್’ ಎಂಬ ಹಸಿ ಚಟ್ನಿ ಹುಡುಕಿ ತಿನ್ನಿ. ಸಣ್ಣ ಉಳ್ಳಾಗಡ್ಡಿ, ಮೆಣಸಿನಕಾಯಿ, ಮಜ್ಜಿಗೆಹುಲ್ಲಿನ ಬಿಳಿ ಬುಡ ಇವನ್ನು ತೆಳ್ಳಗೆ ಹೆಚ್ಚಿ ಉಪ್ಪು, ನಿಂಬೆರಸ ಹಾಕಿ, ಬಿಸಿ ಕೊಬ್ಬರಿ ಎಣ್ಣೆ ಸುರಿದದ್ದು. ಸಾಮಾನ್ಯವಾಗಿ ತೆರಾಸಿ ಬೀಳುತ್ತದೆ, ಶಾಕಾಹಾರಿಗಳು ಇದಕ್ಕೂ ‘ತಾನ್ಪಾ’ ಹೇಳಬೇಕು. ಹೋಟೆಲುಗಳಲ್ಲಿ ಪರದೇಶಿಗಳ ಮುಖ ನೋಡಿದ ಕೂಡಲೇ ಖಾರ ಇಳಿಸುತ್ತಾರೆ. ‘ಪೆದಾಸ್’ ಎಂದು ಒಂದು ಮಾತು ಹೇಳಿ.

ಪ್ರಶ್ನೆ: ನಾವು ಜೈನರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಡ್ಡೆ ಯಾವುದೂ ನಡೆಯೋದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ.
— ಹುಬ್ಬಳ್ಳಿಯ ಓದುಗರು

ವಾರುಂಗಿನ ಆಸೆ ಬಿಡಿ. ಬಾಲಿಯ ಅಡುಗೆಯ ಮೂಲ ಮಸಾಲೆಯೇ ಉಳ್ಳಾಗಡ್ಡಿ, ಬಳ್ಳೊಳ್ಳಿ, ಅರಿಸಿನ, ಶುಂಠಿ ಜಾತಿಯ ಗಡ್ಡೆಗಳು. ಬರಿ ತೆಂಪೆ ಕರಿದುಕೊಡಿ ಎಂದರೂ ಅದನ್ನು ಬಳ್ಳೊಳ್ಳಿ ನೀರಿನಲ್ಲಿ ನೆನೆಸಿರುತ್ತಾರೆ, ಬೂಷ್ಟು ಕಟ್ಟಿಸಿದ್ದು ಎಂಬ ಕಾರಣಕ್ಕೂ ನಿಮಗೆ ಬೇಡವಾಗಬಹುದು. ದಕ್ಷಿಣದ ಭಾರತೀಯ ಹೋಟೆಲುಗಳಲ್ಲಿ ‘ಜೈನ್ ಫುಡ್’ ಎಂದು ಬೋರ್ಡು ಹಾಕಿದವು ಇವೆ. ಆದರೆ ಗ್ರೇವಿಯ ಬುಡ ಮೊದಲೇ ಮಾಡಿಟ್ಟಿರುವುದರಿಂದ ಒಂದೆರಡು ತಾಸು ಮುಂಚೆ ಫೋನು ಮಾಡಿ ಹೇಳಿದರೆ ಮಾತ್ರ ಹೊಸದಾಗಿ ಮಾಡುತ್ತಾರೆ. ಹೊತ್ತು ಮುಳುಗುವ ಮುಂಚೆ ಏಳಬೇಕಾದರೆ ಐದಕ್ಕೆಲ್ಲ ತಟ್ಟೆ ಎದುರಿಗಿರಬೇಕು. ಹಲವು ಅಡುಗೆಮನೆಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ, ಅದನ್ನೂ ಫೋನಿನಲ್ಲೇ ಕೇಳಿಕೊಳ್ಳಿ.

ಇನ್ನೊಂದು ಉಪಾಯ ಇದೆ. ದೆನ್‌ಪಸಾರ್ ಪೇಟೆಯಲ್ಲಿ ಚೀನೀ ಬೌದ್ಧ ಪದ್ಧತಿಯ ಶಾಕಾಹಾರಿ ಹೋಟೆಲುಗಳಿವೆ. ಆ ಪದ್ಧತಿಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ನಿಷಿದ್ಧ. ತಟ್ಟೆಯಲ್ಲಿ ಕೋಳಿಯ ತುಂಡಿನಂತೆ ಕಾಣುವುದು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು, ಗಾಬರಿ ಬೇಡ. ಆದರೆ ಗಡ್ಡೆಗಳಾದ ಗಜ್ಜರಿ, ಬಟಾಟೆ ಇರುತ್ತವೆ. ಹಣ್ಣಿಗಂತೂ ಬರವಿಲ್ಲ, ಪಪ್ಪಾಯಿ, ಬಾಳೆ, ಮ್ಯಾಂಗೋಸ್ಟೀನ್, ಹಾವಿನ ಚರ್ಮದಂಥ ಸಿಪ್ಪೆಯ ‘ಸಲಾಕ್’.

ಪ್ರಶ್ನೆ: ಯುಗಾದಿ ಸೂಟಿಗೆ ಹೋದ್ರ ನಡೀತದೇನ್ರಿ?
— ಗದಗದ ಶಿಕ್ಷಕಿ

ತಾರೀಖು ನೋಡಿಕೊಂಡು ಹೋಗಿ. ಬಾಲಿಯವರದೂ ಶಕ ವರ್ಷವೇ. ಅವರ ಹೊಸ ವರ್ಷದ ದಿನ ‘ನ್ಯೆಪಿ’, ಮೌನದ ದಿನ. 2023ರಲ್ಲಿ ಯುಗಾದಿ, ನ್ಯೆಪಿ ಎರಡೂ ಮಾರ್ಚ್ 22ಕ್ಕೆ ಬಂದವು, 2026ರಲ್ಲಿ ಎರಡೂ ಮಾರ್ಚ್ 19. ಆದರೆ 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕಿತ್ತು, ನಮ್ಮ ಯುಗಾದಿ ಏಪ್ರಿಲ್ 9ಕ್ಕೆ. ನ್ಯೆಪಿಯ ದಿನ ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಅಂಗಡಿ ಇಲ್ಲ, ಆ್ಯಪಿನಲ್ಲಿ ಊಟ ಇಲ್ಲ, ರಸ್ತೆಗೆ ಕಾಲಿಡುವಂತಿಲ್ಲ. ದೊಡ್ಡ ಹೋಟೆಲುಗಳು ಉಳಿದುಕೊಂಡವರಿಗೆ ಒಳಗೇ ಊಟ ಕೊಡುತ್ತವೆ, ಪರದೆ ಎಳೆದುಕೊಂಡು ತಿನ್ನಬೇಕು. ಮನೆಯಂಥ ಸಣ್ಣ ವಸತಿಯಲ್ಲಿದ್ದರೆ ಮೂರು ಹೊತ್ತಿನ ಊಟ ಹಿಂದಿನ ಮಧ್ಯಾಹ್ನವೇ ತಂದಿಟ್ಟುಕೊಳ್ಳಿ. ಹಿಂದಿನ ಸಂಜೆ ಮೆರವಣಿಗೆಗೆ ರಸ್ತೆಗಳು ಬಂದ್ ಆಗುವುದರಿಂದ ಆಗ ಹೊರಟರೆ ಬರಿಗೈಯಲ್ಲಿ ಬರುತ್ತೀರಿ.

‘ಗಾಲುಂಗಾನ್’ ಹಬ್ಬ 210 ದಿನಕ್ಕೊಮ್ಮೆ. ಅದು ಇಷ್ಟು ಬಿಗಿಯಲ್ಲ, ಅಡುಗೆಯವರು ಊರಿಗೆ ಹೋಗಿ ಕೆಲವು ವಾರುಂಗ್ ಮುಚ್ಚಿರುತ್ತವೆ ಅಷ್ಟೇ.

ಪ್ರಶ್ನೆ: ಸಣ್ಣ ಮಕ್ಕಳು ಜೊತಿಗಿದ್ದಾರ. ನೀರು, ಐಸ್ ಹ್ಯಾಂಗ?
— ನವಲಗುಂದದ ಓದುಗರು

ನಲ್ಲಿ ನೀರು ಕುಡಿಯಬೇಡಿ, ಹಲ್ಲು ತಿಕ್ಕಲೂ ಬಾಟಲಿ ನೀರು ಒಳ್ಳೆಯದು. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯದು, ಕುಡಿಯುವ ನೀರಿನದು. ದೊಡ್ಡ ಗಡ್ಡೆಯಿಂದ ಒಡೆದ ಚೂರು ಮೀನು ತಂಪಿಡಲು ಬಳಸುವ ಬಗೆಯದಾಗಿರಬಹುದು, ಬಿಟ್ಟುಬಿಡಿ. ಭೇದಿ ಶುರುವಾದರೆ ‘ಅಪೋತೆಕ್’ ಎಂಬ ಬೋರ್ಡಿನ ಔಷಧ ಅಂಗಡಿಯಲ್ಲಿ ‘ಒರಾಲಿತ್’ ಕೇಳಿ, ನಮ್ಮ ಓಆರ್‌ಎಸ್ ಪುಡಿಯೇ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಕಡಿಮೆ ನೀರು ಹಾಕಬೇಡಿ. ಮಕ್ಕಳು ಸುಸ್ತಾಗಿ ಮಲಗಿಬಿಟ್ಟರೆ, ರಕ್ತ ಕಂಡರೆ ವೈದ್ಯರಲ್ಲಿಗೇ ಹೋಗಿ.

ದೊಡ್ಡವರಿಗೆ ಒಂದು ಮಾತು. ಲೇಬಲ್ ಇಲ್ಲದ ಬಾಟಲಿಯ ‘ಅರಾಕ್’ ಎಷ್ಟು ಅಗ್ಗವಾದರೂ ಮುಟ್ಟಬಾರದು. ಮೆಥನಾಲ್ ಬೆರೆತ ಸಾರಾಯಿಯಿಂದ ಅಲ್ಲಿ ಪ್ರವಾಸಿಗರೂ ಸತ್ತಿದ್ದಾರೆ, ಕಣ್ಣು ಕಳೆದುಕೊಂಡಿದ್ದಾರೆ.

ಪ್ರಶ್ನೆ: ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದೇನ್ರಿ? ಪೇಡೆ?
— ಧಾರವಾಡದ ಗೃಹಿಣಿ

ರೊಟ್ಟಿ, ಚಟ್ನಿಪುಡಿ ಒಯ್ಯಿರಿ. ತಪ್ಪು ಆಗುವುದು ಕಟ್ಟುವುದರಲ್ಲಿ. ಬಾಲಿಯ ತೇವದ ಗಾಳಿಗೆ ತೆರೆದಿಟ್ಟ ಕಟಕ ರೊಟ್ಟಿ ಒಂದು ರಾತ್ರಿಗೆ ಚರ್ಮದಂತಾಗುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿ ದಿನಾ ತೆಗೆದರೆ ಮೂರನೇ ದಿನಕ್ಕೆ ಉಳಿದದ್ದೂ ಮೆತ್ತಗಾಗುತ್ತದೆ. ನಾಲ್ಕು ನಾಲ್ಕು ರೊಟ್ಟಿಯಂತೆ, ಒಂದು ಹೊತ್ತಿಗೆ ಒಂದು ಪೊಟ್ಟಣ ಮಾಡಿ, ಗಾಳಿ ಹೊರಗೆ ಒತ್ತಿ ಮುಚ್ಚಿ, ಎಲ್ಲ ಪೊಟ್ಟಣಗಳನ್ನು ಸ್ಟೀಲ್ ಡಬ್ಬಿಯಲ್ಲಿಡಿ. ಒಡೆಯುವುದೂ ತಪ್ಪುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಪುಡಿ ಬೇರೆ ಬೇರೆ ಪೊಟ್ಟಣ ಮಾಡಿ ಹೊರಗೆ ಹೆಸರು ಬರೆಯಿರಿ. ಎಣ್ಣೆಯ ಉಪ್ಪಿನಕಾಯಿ, ರಂಜಕ ಕೈಚೀಲದಲ್ಲಿ ಬೇಡ, 100 ಮಿಲಿಯ ಮಿತಿಗೆ ಸಿಕ್ಕಿಕೊಳ್ಳುತ್ತದೆ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಹಸಿ ಮೆಣಸಿನಕಾಯಿ, ಕರಿಬೇವು, ಹಣ್ಣು, ಬಿತ್ತುವಂಥ ಕಾಳು ಒಯ್ಯಬಾರದು, ಸಸ್ಯ ತಪಾಸಣೆಯವರು ತೆಗೆದಿಡುತ್ತಾರೆ. ಪೇಡೆ ಹಾಲಿನದು, ಪ್ರಾಣಿಜನ್ಯ ಪದಾರ್ಥದ ಸಾಲಿಗೆ ಬರುತ್ತದೆ. ಒಯ್ಯುವುದೇ ಆದರೆ ಕಸ್ಟಮ್ಸ್ ಘೋಷಣೆಯಲ್ಲಿ ತೋರಿಸಿ.

ರೊಟ್ಟಿಗೆ ಮೊಸರು ಅಲ್ಲಿಯ ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದೆ. ‘ಪ್ಲೇನ್’ ಎಂದು ಬರೆದದ್ದೇ ಬೇಕು, ಉಳಿದವೆಲ್ಲ ಸಕ್ಕರೆ ಪಾಕ. ಡಬ್ಬಿಯ ಹಿಂದೆ ‘ಗೆಲಾತಿನ್ ಸಾಪಿ’ ಎಂದಿದ್ದರೆ ದನದ ಎಲುಬು ಚರ್ಮದಿಂದ ತೆಗೆದ ಅಂಟು ಸೇರಿದೆ ಎಂದರ್ಥ, ಬೇರೆ ಡಬ್ಬಿ ನೋಡಿ.

ಪ್ರಶ್ನೆ: ಚಹಾ?
— ಹೆಸರು, ಊರು ಬರೆಯದ ಕಾರ್ಡು

‘ತೆಹ್’ ಎಂದರೆ ಹಾಲಿಲ್ಲದ, ಮೊದಲೇ ಸಕ್ಕರೆ ಸುರಿದ ಕೆಂಪು ನೀರು. ‘ತೆಹ್ ಸುಸು’ ಎಂದರೆ ಡಬ್ಬಿಯ ಸಿಹಿ ಗಟ್ಟಿ ಹಾಲು ಹಾಕಿದ್ದು. ಹೋಟೆಲ್ ರೂಮುಗಳಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ಚಹಾಪುಡಿ, ಶುಂಠಿ ಪುಡಿ, ಸಣ್ಣ ಸೋಸುಗ ಮನೆಯಿಂದ ಒಯ್ಯಿರಿ, ಹಾಲಿನ ಸಣ್ಣ ಪೊಟ್ಟಣ ಮೂಲೆ ಅಂಗಡಿಯಲ್ಲಿ ಸಿಗುತ್ತದೆ. ಕೆಟಲಿನೊಳಗೆ ಹಾಲು ಕಾಯಿಸಬೇಡಿ, ತಳ ಹತ್ತಿ ಕೆಟ್ಟರೆ ಹೋಟೆಲಿನವರು ಅದರ ದುಡ್ಡು ಕೇಳುತ್ತಾರೆ.